ಕೈಯೋ, ಕಟ್ಟಿಗೆಯೋ

ಆಗಸ್ಟ್ 3, ಭಾನುವಾರ

ಠಾಣೆಯ ರೈಫಲ್ ಕ್ಲಬ್. ನಲವತ್ತು ಗುಂಡು, ನಾನೂರಕ್ಕೆ 361. ಹತ್ತರಲ್ಲಿ ಏಳು ಗುಂಡು ನಡುವೆ ಬಿದ್ದರೆ ಮೂರು ಎಡಕ್ಕೆ, ಹೇಳದೆ ಕೇಳದೆ. ಕೋಚ್ ಅಂಬಾದಾಸ ಮೆಲ್ಲಗೆ ವಿಷಯ ತೆಗೆದರು. ಐವತ್ತೆರಡಾಯಿತು, ಕೈ ನಡುಗುವುದು ಸಹಜ, ವಾಶಿ ಮ್ಯಾಚ್‌ಗೆ ಟೀಮಿನಲ್ಲಿ ಹೊಸ ಹುಡುಗಿ ಅಪೇಕ್ಷಾಗೆ ಜಾಗ ಬಿಟ್ಟರೆ ಹೇಗೆ ಎಂದು. ನನ್ನ ಕೈ ನಡುಗುತ್ತದಂತೆ! ಲೋಕಲ್ ಟ್ರೇನಿನಲ್ಲಿ ಡೊಂಬಿವಲಿವರೆಗೂ ಕೈಯನ್ನೇ ನೋಡುತ್ತಾ ಬಂದೆ. ಹೆದರಿಕೆಯಾಯಿತು, ನಿಜ.

ಆಗಸ್ಟ್ 5, ಬೆಳಿಗ್ಗೆ 6.10

ಕಾರಣ ಸಿಕ್ಕಿತು. ಏರ್ ರೈಫಲ್‌ನ ಮುಂದಿನ ಸ್ಕ್ರೂ ಸಡಿಲಿಸಿದೆ... ನಳಿಕೆ ತಾನು ಕೂರುವ ಕಟ್ಟಿಗೆಯ ಹಿಡಿ ಬಿಟ್ಟು ಮೇಲೆದ್ದಿತು. ಮಳೆಗೆ ಕಟ್ಟಿಗೆ ಉಬ್ಬಿದೆ, ಕಬ್ಬಿಣ ಅದರಲ್ಲಿ ಸರಿಯಾಗಿ ಕೂತೇ ಇಲ್ಲ. ಪ್ರತಿ ಗುಂಡಿಗೂ ಕೂದಲೆಳೆಯಷ್ಟು ಜರುಗಿದರೂ ಸಾಕು, ಹತ್ತು ಮೀಟರ್ ಆಚೆ ಗುರಿ ತಪ್ಪುತ್ತದೆ. ಅಂಬಾದಾಸರಿಗೆ ಫೋನ್. ಹದಿನೇಳಕ್ಕೆ 380 ಹೊಡೆದು ತೋರಿಸಿದರೆ ಜಾಗ ನನ್ನದೇ ಅಂತೆ.

ಆಗಸ್ಟ್ 9, ಶನಿವಾರ

ಉಲ್ಹಾಸನಗರದಿಂದ ಎಪಾಕ್ಸಿ ಅಂಟು ತಂದೆ. ಕಟ್ಟಿಗೆಯ ಗುಳಿಯಲ್ಲಿ ಅದನ್ನು ತುಂಬಿ, ಮೇಲೆ ಕಬ್ಬಿಣ ಕೂರಿಸುವುದು. ಗಟ್ಟಿಯಾದ ಮೇಲೆ ಎತ್ತಿದರೆ ಅಳತೆಗೆ ಸರಿಯಾದ ಪೀಠ. ಮಾಡಿದೆ. ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಆಗಸ್ಟ್ 10

ಏಳುತ್ತಿಲ್ಲ. ಕಬ್ಬಿಣಕ್ಕೆ ಮೇಣ ಹಚ್ಚುವುದನ್ನೇ ಮರೆತಿದ್ದೆ. ಎರಡೂ ಅಂಟಿ ಒಂದಾಗಿವೆ. ಅಳು ಬಂತು. ಇವರು — ಮೂವತ್ತು ವರ್ಷ ಹೋಟೆಲ್ ನಡೆಸಿದವರು, ನನ್ನ ರೈಫಲ್ಲನ್ನು ಬಲೂನ್ ಬಂದೂಕು ಎನ್ನುವವರು — ತಿರುಗಿಸಿ ನೋಡಿದರು.

"ಕಾವಲಿಗೆ ಎಣ್ಣೆ ಹಾಕದೆ ದೋಸೆ ಹೊಯ್ದದ್ದಲ್ವಾ ನೀನು?"

ಸಿಟ್ಟು ಬಂತು. ಆಮೇಲೆ ಇಬ್ಬರಿಗೂ ನಗು ತಡೆಯಲಾಗಲಿಲ್ಲ.

ಆಗಸ್ಟ್ 11

ರೈಫಲ್ ಹೋಟೆಲಿನ ಡೀಪ್ ಫ್ರೀಜರ್‌ನಲ್ಲಿ, ಬಟಾಣಿ ಚೀಲಗಳ ಮೇಲೆ. ಇವರದೇ ಐಡಿಯಾ — ಚಳಿಗೆ ಕಬ್ಬಿಣ ಕುಗ್ಗುತ್ತದೆ, ಬಿಟ್ಟುಕೊಡುತ್ತದೆ ಎಂದು. ಐಸ್‌ಕ್ರೀಮ್ ಕೇಳಿದ ಗಿರಾಕಿಗಳಿಗೆಲ್ಲ ಇಲ್ಲ ಎಂದು ಸುಳ್ಳು. ಸಂಜೆ ತೆಗೆದು ಮರದ ಸೌಟಿನಿಂದ ಒಂದೇ ಪೆಟ್ಟು. ಟಕ್. ಎದ್ದಿತು! ಒಳಗೆ ಎಪಾಕ್ಸಿಯಲ್ಲಿ ಕಬ್ಬಿಣದ ಒಂದೊಂದು ಗೀರೂ ಮೂಡಿದೆ. ಒರೆಸಿ, ಎಣ್ಣೆ ಹಚ್ಚಿ ಕೂರಿಸಿದೆ. ಅಲ್ಲಾಡಲಿಲ್ಲ.

ಆಗಸ್ಟ್ 17, ಠಾಣೆ

386. ಕೊನೆಯ ಹಾಳೆಯಲ್ಲಿ ಹತ್ತು ಗುಂಡಿಗೂ ಒಂದೇ ತೂತು, ಬಟಾಣಿಯಷ್ಟು. ಅಂಬಾದಾಸ ಅದನ್ನು ಬೆಳಕಿಗೆ ಹಿಡಿದು ನೋಡಿದರು.

"ಅಕ್ಕಾರ, ನಿಮ್ಮ ಕೈ ಛಲೋ ಅದ. ಮುದುಕಾಗಿದ್ದು ಕಟ್ಟಿಗಿ."

ಟ್ರೇನಿನಲ್ಲಿ ಒಬ್ಬಳೇ ನಗುತ್ತಾ ಬಂದೆ. ಎದುರಿನ ಹೆಂಗಸು ಸೀಟು ಬದಲಾಯಿಸಿದಳು.

ಆಗಸ್ಟ್ 19

ಇವರು ಆ ಹಾಳೆಯನ್ನು ಗಲ್ಲಾದ ಹಿಂದೆ, ಮೆನು ಪಕ್ಕ ಅಂಟಿಸಿದ್ದಾರೆ. ಯಾರಾದರೂ ಕೇಳಿದರೆ, ಹೆಂಡತಿ ಹೊಡೆದದ್ದು ಎನ್ನುತ್ತಾರೆ. ಗಿರಾಕಿಗಳು ಬೇಗ ಬಿಲ್ ಕೊಟ್ಟು ಹೋಗುತ್ತಾರಂತೆ.

ಆಗಸ್ಟ್ 24, ವಾಶಿ, ಬೆಳಿಗ್ಗೆ 8.40

ಇವರೂ ಬಂದಿದ್ದಾರೆ. ಮೂವತ್ತು ವರ್ಷದಲ್ಲಿ ಮೊದಲ ಸಲ ಭಾನುವಾರ ಹೋಟೆಲ್ ಬಾಗಿಲು ಹಾಕಿ! ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿ ಕೊಟ್ಟರು. ಅರ್ಧ ನನ್ನ ಸೀರೆಗೆ, ಅರ್ಧ ಈ ಪುಟಕ್ಕೆ. ನಡುಗಿದ್ದು ಇವರ ಕೈ. ನಾನು ನನ್ನದನ್ನು ಚಾಚಿ ನೋಡಿದೆ... ಅಲ್ಲಾಡಲಿಲ್ಲ.

ಮೈಕ್‌ನಲ್ಲಿ ನನ್ನ ಹೆಸರು ಕರೆಯುತ್ತಿದ್ದಾರೆ. ಸುಗುಣಾ ತಾರಾನಾ—