ಬರುವ ದಾರಿಯ ಹದಿನೈದು ನಿಮಿಷ

ಮಾರ್ಚ್ 3, ಸಂಜೆ

ಮತ್ತೆ ತಡ! ಆ ಪುಟ್ಟ ವಿಮಾನ ನಿಲ್ದಾಣಕ್ಕೂ ನಮ್ಮ ಪುಟ್ಟ ನಿಲ್ದಾಣಕ್ಕೂ ನಡುವೆ ಇನ್ನೂರು ಕಿಲೋಮೀಟರ್. ನಲವತ್ತು ನಿಮಿಷದ ಹಾರಾಟ. ಹೋಗುವಾಗ ಸರಿಯಾಗಿ ನಲವತ್ತು. ಬರುವಾಗ ಐವತ್ತೈದು! ಅದೇ ಆಕಾಶ, ಅದೇ ವಿಮಾನ, ಅದೇ ಪೈಲಟ್... ನನ್ನ ಭಾವೀ ಅಳಿಯ.

ನನ್ನದು ಅನೌನ್ಸರ್ ಕೆಲಸ. ಕಿಟಕಿಯಿಲ್ಲದ ಗೂಡು. ವಿಮಾನ ಹೊರಗಿನವರ ಕಣ್ಣಿಗೆ ಬಿದ್ದರೆ ಒಳಗೆ ಕೆಂಪು ದೀಪ ಹತ್ತುತ್ತದೆ, ನಾನು ಮಾತು ಶುರು ಮಾಡಬೇಕು. ವಾಚು ಬಿಚ್ಚಿ ಹೊರಗಿನ ಮೊಳೆಗೆ ತಗುಲಿಸಿಯೇ ಮೈಕಿನ ಮುಂದೆ ನಿಲ್ಲುವುದು. ನಾಟಕ ಕಂಪನಿಯಲ್ಲಿ ಅಪ್ಪ ಕಲಿಸಿದ ಪಾಠ — ರಾಜನ ಕೈಯಲ್ಲಿ ವಾಚೇ? ಸ್ವಾಗತ ಹೇಳಿ ಹೊರಬಂದು ನೋಡಿದರೆ ಜನ ಆಗಷ್ಟೇ ಇಳಿಯುತ್ತಿರುತ್ತಾರೆ.

ಯಾವ ಹುಡುಗಿಯ ಮನೆಯ ಮೇಲೆ ಸುತ್ತು ಹಾಕುತ್ತಾನೆ?

ಮಾರ್ಚ್ 4

“ಎದುರುಗಾಳಿ ಇರುತ್ತೇನೋ ಅಪ್ಪಾ.”

“ದಿನಾ ಅಳತೆ ಮಾಡಿ ಬೀಸುತ್ತಾ ಮಗಳೇ?”

ಅವನನ್ನೇ ಕೇಳಿದೆ. ನಕ್ಕ. “ಟೈಮಿಗೇ ಬರ್ತೀನಿ ಮಾವ. ಬಂದು ನಿಮ್ಮ ಮಾತು ಕೇಳ್ತಾ ಕೂತಿರ್ತೀನಿ.”

ಬಾಯಲ್ಲಿ ಬೆಲ್ಲ! ಕಂಪನಿಯ ಖಳನಾಯಕನೂ ಮೊದಲ ಅಂಕದಲ್ಲಿ ಹೀಗೇ ನಗುತ್ತಿದ್ದ.

ಮಾರ್ಚ್ 9

ನಿಶ್ಚಿತಾರ್ಥದ ಉಂಗುರ ಹಿಂತಿರುಗಿಸು ಎಂದು ಮಗಳ ಮೇಲೆ ಗುಡುಗಿದೆ. ಅವನೂ ತಡದ ಕಾರಣ ಹೇಳಲಿಲ್ಲ. ಕುಂಬಳಕಾಯಿ ಕಳ್ಳ! ಕೊಟ್ಟು ಬಂದಳು. ಊಟ ಮಾಡಲಿಲ್ಲ.

ಮಾರ್ಚ್ 11

ಸಾಕ್ಷಿ ಸಮೇತ ಹಿಡಿಯೋಣವೆಂದು ರಜೆ ಹಾಕಿದೆ. ಬೇಲಿಯ ಪಕ್ಕ, ಕೈಯಲ್ಲಿ ವಾಚು. ಲಗೇಜಿನ ಗುಮಾಸ್ತ ನನ್ನ ಬದಲಿಗೆ ಮೈಕಿನಲ್ಲಿ ಒಂದೇ ಸಾಲು ಒದರಿದ. ಇಳಿದ ವಿಮಾನಕ್ಕೆ ಏಣಿ ಹಚ್ಚಿದರು. ಬಾಗಿಲು ತೆರೆಯಿತು.

ನಲವತ್ತು ನಿಮಿಷ.

“ಇವತ್ತೇನಯ್ಯಾ ಇಷ್ಟು ಬೇಗ?” ಏಣಿಯವನನ್ನು ಕೇಳಿದೆ.

“ಬೇಗ ಎಲ್ಲಿ ಬಂತು ಯಜಮಾನ್ರೇ? ದಿನಾ ಇಷ್ಟೊತ್ತಿಗೇ ಇಳಿಯುತ್ತೆ. ಅನೌನ್ಸ್‌ಮೆಂಟ್ ಮುಗಿಯೋವರೆಗೆ ಏಣಿ ಹಚ್ಚಬಾರ್ದು ಅಂತ ಇಲ್ಲಿ ರೂಲು. ನಿಮ್ಮದು ಮುಗಿಯೋದ್ರೊಳಗೆ ನಾನು ಒಂದು ಕಾಫಿ ಕುಡಿದು ಬರ್ತೀನಿ!”

“ಒಬ್ಬರಾದರೂ ಹೇಳಬಾರದಿತ್ತೇ?”

“ಪೈಲಟ್ ಸಾಹೇಬ್ರೇ ಬೇಡ ಅಂದ್ರು. ‘ಮಾವಂಗೆ ಉಳಿದಿರೋ ಸ್ಟೇಜು ಅದೊಂದೇ, ಮಾತಾಡ್ಲಿ ಬಿಡ್ರೋ’ ಅಂತ.”

ಬೇಲಿ ಹಿಡಿದು ನಿಂತೆ.

ಮಾರ್ಚ್ 12, ಗೂಡಿನೊಳಗೆ

ಅಳಿಯನಾಗಬೇಕಿದ್ದವನು ಬೇರೆ ರೂಟು ಕೇಳಿ ಪಡೆದಿದ್ದಾನಂತೆ. ಈ ದಾರಿಯಲ್ಲಿ ಇಂದೇ ಕೊನೆ. ಬೆಳಿಗ್ಗೆ ಮಗಳಿಗೆ ಎಲ್ಲ ಹೇಳಿದೆ. ಅವಳು ಬೈಯಲಿಲ್ಲ, ಅದೇ ಚುಚ್ಚುತ್ತಿದೆ. ಈಗ ಏಣಿಯವನ ಪಕ್ಕ ನಿಂತಿದ್ದಾಳೆ. ಪೈಲಟ್ ಇಳಿಯಬೇಕು, ಇವಳು ಮಾತಾಡಬೇಕು. ಒಂದು ಗಳಿಗೆಯಲ್ಲಿ ವಿಮಾನ ತಿರುಗಿ ಹೊರಡುತ್ತದೆ.

ಕ್ಷಮೆಯ ಮಾತು ಬರೆದುಕೊಂಡಿದ್ದೆ — ಮೂರು ಪುಟ, ನಡುವೆ ಒಂದು ಕಂದಪದ್ಯ. ಹರಿದೆ. ನಾನು ಬಾಯಿ ಮುಚ್ಚಿದರಲ್ಲವೇ ಅಲ್ಲಿ ಬಾಗಿಲು ತೆರೆಯುವುದು!

ವಾಚು ಕೈಯಲ್ಲೇ ಇರಲಿ. ಒಂದೇ ಸಾಲು. ‘ವಿಮಾನ ಬಂದಿದೆ.’ ಅಷ್ಟೇ. ಅಪ್ಪಾ, ಮನ್ನಿಸು—

ಕೆಂಪು ದೀಪ ಹತ್ತಿ—