ಮೂಳೆಯ ಹತ್ತಿರದ ವಾಸನೆ

ಅಡುಗೆಮನೆಯ ಮೇಜಿನಿಂದ,
ಭಾನುವಾರ, ಮಾರ್ಚ್ ೯

ಪ್ರೀತಿಯ ತಂಗೀ,

ಹೇಗಿದ್ದೀಯೆ? ಮೊಣಕಾಲು ನೋವು ಕಡಿಮೆಯಾಯಿತೆ? ಕಡಲಾಚೆಯ ಆ ಆಸ್ಪತ್ರೆಯ ಅಡುಗೆಮನೆಯಲ್ಲಿ ದಿನವಿಡೀ ನಿಂತೇ ಇರುತ್ತೀಯೆ, ಸುತ್ತ ಡಾಕ್ಟರುಗಳಿದ್ದರೂ ತೋರಿಸಿಕೊಳ್ಳುವುದಿಲ್ಲ. ನಿನ್ನ ಹಟ ನನಗೆ ಗೊತ್ತಿಲ್ಲವೆ? ಅಮ್ಮ ಚೆನ್ನಾಗಿದ್ದಾಳೆ. ನೀನಿಲ್ಲವೆಂದು ನಿನ್ನ ಪಾಲಿನ ಬೈಗುಳವೂ ನನಗೇ ಬೀಳುತ್ತಿದೆ.

ನನ್ನ ಜ್ವರ ಬಿಟ್ಟು ತಿಂಗಳಾಯಿತು. ಹೋಗುವಾಗ ಅದು ಬರಿಗೈಯಲ್ಲಿ ಹೋಗಲಿಲ್ಲ ಕಣೇ, ನನ್ನ ಮೂಗಿನ ಶಕ್ತಿಯನ್ನೂ ಎತ್ತಿಕೊಂಡು ಹೋಯಿತು. ಸೋಪು, ಹುರಿದ ಈರುಳ್ಳಿ, ಚರಂಡಿ, ಯಾವುದರ ವಾಸನೆಯೂ ಇಲ್ಲ. ಮೊನ್ನೆ ಒಲೆಯ ಪಕ್ಕದಲ್ಲೇ ಕೂತು ಬೀನ್ಸ್ ಬಿಡಿಸುತ್ತಿದ್ದೆ. ಅಮ್ಮ ಹಿತ್ತಿಲಿನಿಂದ ಓಡಿಬಂದು, "ಹಾಲು ಸೀದು ಬೀದಿಗೆಲ್ಲ ನಾತ ಹೊಡೀತಿದೆ, ನೀನು ಕಲ್ಲಿನ ಹಾಗೆ ಕೂತಿದ್ದೀಯಲ್ಲೇ" ಎಂದಳು. ಏನೋ ಯೋಚನೆಯಲ್ಲಿದ್ದೆ ಎಂದೆ. ಪಾಪ, ನಂಬಿದಳು.

ನಮ್ಮ ಕಾರ್ಖಾನೆಯ ನಿಯಮಗಳನ್ನು ನಿನಗೆ ಎಷ್ಟು ಸಲ ಕೊರೆದಿಲ್ಲ? ಹೊರದೇಶಕ್ಕೆ ಹೋಗುವ ಕುರಿಮಾಂಸ. ಉಂಗುರ ಬೇಡ, ಸೆಂಟು ಬೇಡ, ಕೈತೊಳೆಯದೆ ಒಳಗೆ ಕಾಲಿಡುವಂತಿಲ್ಲ. ಮಾಂಸ ಕೆಡಲು ಶುರುವಾಗುವುದು ಒಳಗೆ, ತೊಡೆಮೂಳೆಯ ಹತ್ತಿರ. ಅಲ್ಲಿಗೆ ಉಕ್ಕಿನ ಕಡ್ಡಿ ಚುಚ್ಚಿ, ಹೊರಗೆಳೆದು ಮೂಸಿ ನೋಡದೆ ನಾನು ಮುದ್ರೆ ಒತ್ತುವಂತಿಲ್ಲ. ಅದಕ್ಕೇ ತಾನೆ ಎಲ್ಲರೂ ನನ್ನನ್ನು ಮೂಗಮ್ಮ ಎನ್ನುವುದು. ಕಾಯಿಲೆಯಾದರೆ ಮುಚ್ಚಿಡಬಾರದು ಎನ್ನುವುದೂ ನಿಯಮವೇ. ಅದನ್ನು ಬರೆದು ತೂಗುಹಾಕಿದ ಹಲಗೆಯ ಕೆಳಗೆ ಕೂತೇ ದಿನಾ ಬೂಟು ಹಾಕಿಕೊಳ್ಳುತ್ತೇನೆ. ಹೇಳಿದರೆ ಕೆಲಸವೇನೂ ಹೋಗುವುದಿಲ್ಲ, ಪ್ಯಾಕಿಂಗಿಗೆ ಹಾಕುತ್ತಾರೆ, ಅಷ್ಟೆ. ಆದರೆ ಮೂಗಮ್ಮ ಅಲ್ಲದಿದ್ದರೆ ಅಲ್ಲಿ ನಾನು ಯಾರು? ಬರೆಯಲು ನಾಚಿಕೆಯಾಗುತ್ತದೆ. ನನ್ನ ಬಾಯಿ ಮುಚ್ಚಿಸಿದ್ದು ಇಷ್ಟೇ.

ಶುಕ್ರವಾರ ಕೋಲ್ಡ್ ರೂಮಿನ ಯಂತ್ರ ಕೆಟ್ಟು ಮಧ್ಯಾಹ್ನವೆಲ್ಲ ನಿಂತಿತ್ತು. ಮತ್ತೆ ಶುರುವಾಗಿ ತಣ್ಣಗಾದ ಮೇಲೆ ಥರ್ಮಾಮೀಟರು ಎಲ್ಲ ಸರಿಯೆಂದೇ ತೋರಿಸಿತು. ಮೇಲ್ವಿಚಾರಕರು ಕಡ್ಡಿಯನ್ನು ನನ್ನ ಕೈಗಿತ್ತು, "ಮಿಷನ್ ಏನಾದ್ರೂ ಹೇಳ್ಲಿ, ನೀವು ಹೂಂ ಅಂದ್ರೇನೇ ಲಾರಿ ಹೊರಡೋದು" ಎಂದರು. ಒಂದೊಂದು ತೊಡೆಗೂ ಚುಚ್ಚಿದೆ, ಮೂಸಿದೆ. ಮೂಗಿನ ತುದಿಗೆ ಕಡ್ಡಿಯ ತಣುಪು ತಾಗಿತು, ಬೇರೇನೂ ತಿಳಿಯಲಿಲ್ಲ. ಎಲ್ಲರೂ ನನ್ನ ಮುಖವನ್ನೇ ನೋಡುತ್ತಿದ್ದರು. ಹೂಂ ಎಂದೆ.

ಹೊತ್ತಿಗೆ ಸರಿಯಾಗಿ ಊಟ ಮಾಡು, ಮೊಣಕಾಲಿಗೆ ಎಣ್ಣೆ ತಿಕ್ಕಿಕೋ. ಅಮ್ಮ ನಿನಗೆ ಒಳ್ಳೆಯದಾಗಲಿ ಎಂದು ಹರಸಿದ್ದಾಳೆ. ನನ್ನದೂ ಅದೇ ಹಾರೈಕೆ.

ನಿನ್ನ
ಅಕ್ಕ

ತಾ.ಕ.: ಆ ಮಾಂಸ ಬರುತ್ತಿರುವುದು ನಿಮ್ಮ ಆಸ್ಪತ್ರೆಗೇ. ಫೋನಿನಲ್ಲಿ ಹೇಳೋಣವೆಂದರೆ ಅಮ್ಮ ಪಕ್ಕದಲ್ಲೇ ಕಿವಿಯಿಟ್ಟು ಕೂತಿರುತ್ತಾಳೆ. ಹಡಗಿಗಿಂತ ಮೊದಲೇ ಈ ಕಾಗದ ನಿನ್ನ ಕೈಸೇರುತ್ತದೆ. ನನ್ನ ಮುದ್ರೆ ಕಂಡರೆ ಸಾಕು, "ನಮ್ಮಕ್ಕ ನೋಡಿದಾಳೆ, ಕಣ್ಮುಚ್ಚಿ ಬೇಯ್ಸಿ" ಅನ್ನುತ್ತೀಯಂತಲ್ಲ, ಈ ಸಲ ಅನ್ನಬೇಡ. ಯಾವ ರೋಗಿಯ ತಟ್ಟೆಗೂ ಅದನ್ನು ಹಾಕಬೇಡ. ನಾಳೆ ಇಲ್ಲಿ ಎಲ್ಲವನ್ನೂ ಹೇಳಿಬಿಡಬೇಕೆಂದಿದ್ದೇನೆ. ನಿನ್ನೆಯೂ ಹೀಗೇ ಅಂದುಕೊಂಡು ಹೋಗಿದ್ದೆ. ಅದಕ್ಕೇ ನನ್ನನ್ನು ಕಾಯಬೇಡ, ಈ ಕಾಗದವನ್ನೇ ನಿಮ್ಮವರಿಗೆ ತೋರಿಸು.