ಪರಿಶೀಲಕರು ಕುಡಿದು ಹೋದ ಚಹಾ

ಸಾಮಾಜಿಕ ಭದ್ರತಾ ಇಲಾಖೆಯ ಮಾನ್ಯ ನಿರ್ದೇಶಕರೇ,

ನನ್ನ ಅಕ್ಕ ಒಂದು ಲೋಟ ಚಹಾ ಮಾಡಿದಳೆಂದು ನೀವು ಅವಳ ಅಂಗವಿಕಲ ವೇತನ ನಿಲ್ಲಿಸಿದ್ದೀರಿ. ಇದು ನಾನು ಉಪ್ಪು ಖಾರ ಹಚ್ಚಿ ಹೇಳುತ್ತಿರುವುದಲ್ಲ, ನಿಮ್ಮ ಆದೇಶದಲ್ಲೇ ಇದೆ: 'ಫಲಾನುಭವಿಯು ಇತರರ ನೆರವಿಲ್ಲದೆ ಬಿಸಿ ಪಾನೀಯ ತಯಾರಿಸಿ ನೀಡಬಲ್ಲರು. ವಾಸಸ್ಥಳ ಸ್ವಚ್ಛವಾಗಿದೆ. ದುಡಿಯಲು ಅರ್ಹರು.' ಎಂಥ ಸೂಕ್ಷ್ಮ ದೃಷ್ಟಿ! ಇದನ್ನು ಬರೆದವರಿಗೆ ತಿಂಗಳ ಸಂಬಳವಿದೆ, ಬಹುಶಃ ಎರಡು ಕೈಗಳೂ ನೆಟ್ಟಗಿವೆ.

ಅಕ್ಕ ಇಪ್ಪತ್ತೊಂದು ವರ್ಷ ಆಸ್ಪತ್ರೆಯ ಬಟ್ಟೆ ಒಗೆಯುವ ಲಾಂಡ್ರಿಯೊಂದರಲ್ಲಿದ್ದಳು. ಹಬೆಯ ಇಸ್ತ್ರಿ ಯಂತ್ರಕ್ಕೆ ಹಾಸಿಗೆ ಬಟ್ಟೆ ಕೊಡುವುದು ಅವಳ ಕೆಲಸ. ಒಂದು ದಿನ ಬಟ್ಟೆಯ ಜೊತೆ ಅವಳ ಕೈಗಳನ್ನೂ ಯಂತ್ರ ಎಳೆದುಕೊಂಡಿತು. ಬೆರಳುಗಳು ಉಳಿದವು, ಆದರೆ ಮಡಚುವುದಿಲ್ಲ. ಮಣಿಕಟ್ಟಿನವರೆಗೆ ಬಿಸಿ ತಾಗಿದರೂ ಗೊತ್ತಾಗುವುದಿಲ್ಲ. ಒಂಬತ್ತು ವರ್ಷ ವೇತನ ಬಂತು. ಆಮೇಲೆ ಹಳೆಯ ಫಲಾನುಭವಿಗಳನ್ನೆಲ್ಲ ಮತ್ತೆ ಪರಿಶೀಲಿಸುವ 'ಸುಧಾರಣೆ' ತಂದಿರಿ. ಏನು ಸುಧಾರಿಸಿತು ಸ್ವಾಮಿ? ಅವಳ ಬೆರಳಂತೂ ಸುಧಾರಿಸಲಿಲ್ಲ.

ತಪ್ಪು ನಮ್ಮದೂ ಇದೆ. ಪರಿಶೀಲಕರು ಮನೆಗೇ ಬರುತ್ತಾರೆಂದು ಪತ್ರ ಬಂದಾಗ ನಮಗೆ ನಾಚಿಕೆಯಾಯಿತು. ಸರ್ಕಾರದವರು ಬರುವಾಗ ಮನೆ ಹೀಗಿದ್ದರೆ ಹೇಗೆ? ಬಸ್ ಚಾಲಕನಾದ ನಾನು ಆ ದಿನ ರಜೆ ಹಾಕಿ ನೆಲ ಒರೆಸಿದೆ, ಪಾತ್ರೆ ತಿಕ್ಕಿದೆ, ಅಕ್ಕನ ತಲೆ ಬಾಚಿದೆ. ಸಕ್ಕರೆ ಮುಗಿದಿದೆಯೆಂದು ಬೀದಿ ತುದಿಯ ಅಂಗಡಿಗೂ ಓಡಿದೆ. ನಿಮ್ಮವರು ಬಂದರು, ನೆಲ ನೋಡಿದರು, ಸಂಬಂಧಿಕರು ಇರಬಾರದೆಂದು ನನ್ನನ್ನು ಹೊರಗೆ ಕಳಿಸಿದರು. ಬಾಗಿಲಾಚೆ ಮೆಟ್ಟಿಲ ಮೇಲೆ ಕೂತು ಎಲ್ಲವನ್ನೂ ಕೇಳಿಸಿಕೊಂಡೆ.

"ಕೂತ್ಕೊಳಿ ಸಾರ್, ಎರಡೇ ನಿಮಿಷ. ಸಕ್ಕರೆ ಎಷ್ಟು ಹಾಕ್ಲಿ?"

"ಒಂದು ಚಮಚ ಸಾಕಮ್ಮ."

ಆ ಎರಡು ನಿಮಿಷ ಇಪ್ಪತ್ತೈದು ನಿಮಿಷವಾಯಿತು. ಪಾತ್ರೆಯನ್ನು ಅವಳು ಎರಡು ಮಣಿಕಟ್ಟುಗಳ ನಡುವೆ ಒತ್ತಿ ಹಿಡಿದು ಇಳಿಸುವುದು. ನಿಮ್ಮವರು ನಮೂನೆಯಿಂದ ತಲೆಯೆತ್ತಿದ್ದರೆ ತಾನೇ ಕಾಣುವುದು? ಕುಡಿದರು, ಎದ್ದರು, ಹೋದರು. ನಾನು ಒಳಗೆ ಬಂದಾಗ ಅವಳ ಮಣಿಕಟ್ಟಿನ ಚರ್ಮ ಸುಟ್ಟು ಸುಲಿದಿತ್ತು. ಅವಳಿಗದು ಗೊತ್ತೇ ಇರಲಿಲ್ಲ.

"ಯಾಕಕ್ಕಾ ಎದ್ದೆ? ಚಹಾ ನಾನೇ ಮಾಡ್ತೀನಿ ಅಂತ ಹೇಳಿದ್ನಲ್ಲ?"

"ಮನೆಗೆ ಬಂದವರನ್ನ ಹಾಗೇ ಕಳಿಸೋಕಾಗುತ್ತೇನೋ?"

ವೇತನ ನಿಂತ ಮೇಲೆ ನಾನು ಎರಡು ಪಾಳಿ ಹಿಡಿದೆ. ನನ್ನ ಸಂಬಳ ಏರಿದ್ದೇ ತಡ, ಕುಟುಂಬದ ಆದಾಯ ಮಿತಿ ಮೀರಿತೆಂದು ನೀವು ಅವಳ ಔಷಧಿಯ ರಿಯಾಯಿತಿಯನ್ನೂ ಕಿತ್ತುಕೊಂಡಿರಿ. ಈಗ ಎರಡನೇ ಪಾಳಿಯ ದುಡ್ಡು ನೇರ ಔಷಧಿ ಅಂಗಡಿಗೆ ಹೋಗುತ್ತದೆ. ನಾನಿಲ್ಲದಾಗ ಒಲೆ ಹಚ್ಚಬಾರದೆಂದು ಗ್ಯಾಸ್ ಬಂದ್ ಮಾಡಿ ಹೋಗುತ್ತೇನೆ. ಮೇಜಿನ ಅಂಚಿಗಿಟ್ಟ ತಣ್ಣನೆಯ ಬ್ರೆಡ್ಡಿಗೆ ಬಾಯಿ ಹಚ್ಚಿ ತಿಂದು ಅವಳು ದಿನ ಕಳೆಯುತ್ತಾಳೆ. ನಿಮ್ಮ ವಾರ್ಷಿಕ ವರದಿಯಲ್ಲಿ ಇದಕ್ಕೆ ಉಳಿತಾಯ ಎಂದು ಹೆಸರು. ಆ ಉಳಿತಾಯಕ್ಕಾಗಿ ನಾನು ದಿನಾ ಹದಿನಾಲ್ಕು ಗಂಟೆ ಸ್ಟೇರಿಂಗ್ ಹಿಡಿದಿರುತ್ತೇನೆ. ನನ್ನ ಬಸ್ಸಿನಲ್ಲಿ ನೀವು ಕೂರುವವರಲ್ಲ ಬಿಡಿ, ಕೂತಿದ್ದರೆ ನನ್ನ ಕಣ್ಣು ಎಳೆಯುವುದನ್ನು ನೋಡಿ ಹೆದರುತ್ತಿದ್ದಿರಿ.

ನನ್ನ ಮೇಲ್ಮನವಿಗೆ ಉತ್ತರವಾಗಿ ಬರುವ ಬುಧವಾರ ಮರುಪರಿಶೀಲನೆ ಇಟ್ಟಿದ್ದೀರಿ. ಈ ಸಲ ಕೈಕೆಳಗಿನವರನ್ನು ಅಟ್ಟಬೇಡಿ, ನೀವೇ ಬನ್ನಿ. ನಾನು ನೆಲ ಒರೆಸುವುದಿಲ್ಲ. ಅವಳ ಕೈ ನೋಡಿ, ಆ ಆದೇಶವನ್ನು ಅಲ್ಲೇ ರದ್ದು ಮಾಡಿ, ನಿಲ್ಲಿಸಿದ ತಿಂಗಳಿಂದ ವೇತನ ಕೊಡಿ, ರಿಯಾಯಿತಿಯನ್ನೂ ಮರಳಿಸಿ. ನಾನು ಕೇಳುವುದು ಇಷ್ಟೇ.

ಅಕ್ಕನಿಗೂ ಹೇಳಿದ್ದೇನೆ, ಯಾರೇ ಬಂದರೂ ಕುರ್ಚಿಯಿಂದ ಏಳಬೇಡ ಎಂದು. ತಲೆಯಾಡಿಸಿದಳು. ಇವತ್ತು ಬೆಳಿಗ್ಗೆ ನಾನು ಹೊರಡುವಾಗ ಕರೆದು ಕೇಳಿದಳು: "ದೊಡ್ಡವರೇ ಬರಬಹುದು ಅಂದ್ಯಲ್ಲ, ಅವರಿಗೆ ಸಕ್ಕರೆ ಎಷ್ಟು ಬೇಕು ಅಂತ ಕಾಗದದಲ್ಲಿ ಕೇಳಿದ್ಯೇನೋ?"

ಈಗ ಕೇಳುತ್ತಿದ್ದೇನೆ. ಎಷ್ಟು ಬೇಕು?

ಇಂತಿ,
ಮನೆ ಚೊಕ್ಕಟ ಮಾಡಿ ಅಕ್ಕನ ಹೊಟ್ಟೆಯ ಮೇಲೆ ಹೊಡೆದ ತಮ್ಮ